ತೊನ್ನು ಇರುವವರು ನಗರದಲ್ಲಿ ಎಷ್ಟು ಮಂದಿ?

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಪ್ರಕಟವಾದ ತೊನ್ನಿನ ಕುರಿತ ಲೇಖನವನ್ನು ಓದಿ ನೀವು ಬರೆದ ಪತ್ರ ತಲುಪಿದೆ. ಪತ್ರ ದೀರ್ಘವಾದದ್ದು, ಇತರ ಓದುಗರಿಗಾಗಿ ಅದರ ಸಾರವನ್ನು ಮೊದಲು ಹೇಳುತ್ತೇನೆ. ನಮ್ಮ ಲೇಖನದಲ್ಲಿ "ನೂರು ಜನರಲ್ಲಿ ಒಬ್ಬರಿಗೆ ತೊನ್ನು ಇರುತ್ತದೆ" ಎಂಬ ವಾಕ್ಯವಿತ್ತು. ನೀವು ವಾಸಿಸುವ ವಸತಿ ಸಮುಚ್ಚಯದಲ್ಲಿ ಸುಮಾರು ನಾನೂರು ಜನರಿದ್ದಾರೆ, ಅವರಲ್ಲಿ ಒಬ್ಬರಿಗೂ ತೊನ್ನು ಇರುವುದನ್ನು ನೀವು ಕಂಡಿಲ್ಲ; ಆದರೆ ನಲವತ್ತು ಜನ ಕೆಲಸ ಮಾಡುವ ನಿಮ್ಮ ಕಚೇರಿಯಲ್ಲಿ ಇಬ್ಬರಿಗಿದೆ. ಇನ್ನೆಲ್ಲೋ ಶೇ 8ಕ್ಕಿಂತ ಹೆಚ್ಚು ಎಂಬ ಅಂಕಿಯನ್ನೂ ಓದಿದ್ದೀರಿ. ಹತ್ತು ಲಕ್ಷ ಜನರಿರುವ ನಿಮ್ಮ ನಗರದಲ್ಲಿ ನಿಜಕ್ಕೂ ಎಷ್ಟು ಮಂದಿಗೆ ಈ ಕಾಯಿಲೆ ಇದೆ, ಅದು ಹೆಚ್ಚುತ್ತಿದೆಯೇ, ನಗರದ ಗಾಳಿ ಮತ್ತು ನೀರು ಇದಕ್ಕೆ ಕಾರಣವೇ ಎಂದು ಕೇಳಿದ್ದೀರಿ. ಪತ್ರದ ಕೊನೆಯಲ್ಲಿ, ನಿಮ್ಮ ತಂಗಿಗೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ತೊನ್ನು ಕಾಣಿಸಿಕೊಂಡಿದೆಯೆಂದೂ, "ನಿನ್ನಂತೆ ಈ ಊರಿನಲ್ಲಿ ಇಷ್ಟು ಜನರಿದ್ದಾರೆ ಎಂದು ಅವಳಿಗೆ ಹೇಳಲು ನನಗೊಂದು ಸಂಖ್ಯೆ ಬೇಕು" ಎಂದೂ ಬರೆದಿದ್ದೀರಿ.

ಸಂಖ್ಯೆಯನ್ನು ಮೊದಲೇ ಕೊಟ್ಟುಬಿಡುತ್ತೇನೆ. ಹತ್ತು ಲಕ್ಷ ಜನರ ನಗರದಲ್ಲಿ ತೊನ್ನು ಇರುವವರು ಸುಮಾರು ಐದು ಸಾವಿರ ಮಂದಿ ಎಂದು ಹೇಳಿದರೆ ದೊಡ್ಡ ತಪ್ಪಾಗಲಾರದು. ಅಂದರೆ ಇನ್ನೂರು ಜನರಲ್ಲಿ ಒಬ್ಬರು. ನಮ್ಮ ಲೇಖನದ "ನೂರರಲ್ಲಿ ಒಬ್ಬರು" ಎಂಬ ಮಾತು ಇದರ ಇಮ್ಮಡಿಯಾಯಿತು, ಮತ್ತು ಆ ತಪ್ಪು ಲೇಖಕರದ್ದಲ್ಲ, ನಮ್ಮದು. ಲೇಖಕರು ಕಳುಹಿಸಿದ ಪ್ರತಿಯಲ್ಲಿ "ಶೇ 0.5ರಿಂದ 2" ಎಂದಿತ್ತು. ವೈದ್ಯಕೀಯ ಬರಹಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಅಂಕಿ ಅದು. ಓದಲು ಸರಳವಾಗಲಿ ಎಂದು ಸಂಪಾದಕೀಯ ಬಳಗದಲ್ಲಿ ಅದರ ನಡುವಿನ ಎಲ್ಲೋ ಒಂದು ಅಂಕಿಯನ್ನು ಹಿಡಿದು "ನೂರರಲ್ಲಿ ಒಬ್ಬರು" ಎಂದು ಬದಲಿಸಿದೆವು. ಆದರೆ 0.5ರಿಂದ 2 ಎಂಬುದು ಒಂದೇ ಊರನ್ನು ಅಳೆದು ಪಡೆದ ಫಲಿತಾಂಶವಲ್ಲ. ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ರೀತಿಯಲ್ಲಿ ಎಣಿಸಿದ ಹಲವು ಅಧ್ಯಯನಗಳ ಸುತ್ತ ಹಾಕಿದ ಬೇಲಿ. ಬೇಲಿಯ ಎರಡು ತುದಿಗಳನ್ನು ಕೂಡಿಸಿ ಭಾಗಿಸಿದರೆ ಒಳಗಿರುವ ದನಗಳ ಲೆಕ್ಕ ಸಿಗುವುದಿಲ್ಲ.

ಹಾಗಾದರೆ ಐದು ಸಾವಿರ ಎಂಬುದು ಎಲ್ಲಿಂದ ಬಂತು ಎಂದು ನೀವು ಕೇಳುವುದು ನ್ಯಾಯವೇ. ಈ ಕಾಯಿಲೆಯನ್ನು ಎಣಿಸುವ ಅತ್ಯಂತ ನೇರವಾದ ಕ್ರಮವೆಂದರೆ ಒಂದು ಪ್ರದೇಶದ ಜನರನ್ನೆಲ್ಲ, ಅಥವಾ ಸರಿಯಾಗಿ ಆರಿಸಿದ ಒಂದು ಭಾಗವನ್ನು, ತಿಳಿದವರು ಕಣ್ಣಾರೆ ನೋಡಿ ಪರೀಕ್ಷಿಸುವುದು. ಡೆನ್ಮಾರ್ಕಿನ ಬಾರ್ನ್‌ಹೋಮ್ ದ್ವೀಪದಲ್ಲಿ ಹೀಗೆ 47,033 ಜನರನ್ನು ಗಣನೆಗೆ ತೆಗೆದುಕೊಂಡ ಅಧ್ಯಯನವೊಂದು 1977ರಲ್ಲಿ ಪ್ರಕಟವಾಯಿತು. ಅಲ್ಲಿ ತೊನ್ನು ಇದ್ದವರ ಪ್ರಮಾಣ ಶೇ 0.38. ಕೋಲ್ಕತ್ತದ ಜನರ ನಡುವೆ ನಡೆದು 1985ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಶೇ 0.46. ಚೀನಾದ ಆರು ನಗರಗಳಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ನಿವಾಸಿಗಳನ್ನು ಒಳಗೊಂಡು 2013ರಲ್ಲಿ ಹೊರಬಂದ ಫಲಿತಾಂಶ ಶೇ 0.56. ಶೀತ ಸಮುದ್ರದ ನಡುವಿನ ದ್ವೀಪವೊಂದು, ಕಿಕ್ಕಿರಿದ ಮಹಾನಗರವೊಂದು, ಇನ್ನೊಂದು ದೇಶದ ಆರು ನಗರಗಳು: ಜನರ ಮೈಬಣ್ಣ, ಹವಾಮಾನ, ಜೀವನಕ್ರಮ ಯಾವುದೂ ಒಂದೇ ಅಲ್ಲ. ಆದರೂ ಅಂಕಿಗಳು ಶೇ 0.4 ಮತ್ತು 0.6ರ ನಡುವೆಯೇ ಸುತ್ತುತ್ತವೆ. ಇದಕ್ಕೆ ಹೊಂದದ ಅಧ್ಯಯನಗಳೂ ಇವೆ. ಚೀನಾದ್ದೇ ಶಾನ್ಶಿ ಪ್ರಾಂತ್ಯದಲ್ಲಿ 2007ರಲ್ಲಿ ವರದಿಯಾದ ಪ್ರಮಾಣ ಶೇ 0.093, ಅಂದರೆ ಸಾವಿರಕ್ಕೆ ಒಬ್ಬರಿಗಿಂತಲೂ ಕಡಿಮೆ. ಆದ್ದರಿಂದ ಐದು ಸಾವಿರವನ್ನು ತಕ್ಕಡಿಯಲ್ಲಿ ತೂಗಿದ ಸಂಖ್ಯೆಯೆಂದು ತಿಳಿಯಬೇಡಿ. ನಾಲ್ಕು ಸಾವಿರ ಇರಬಹುದು, ಏಳು ಸಾವಿರವೂ ಇರಬಹುದು. ನಾನೂರು ಇರುವುದು ಸಂಶಯ, ಎಂಬತ್ತು ಸಾವಿರವಂತೂ ಅಲ್ಲ.

ನೀವು ಓದಿದ ಶೇ 8ರ ವಿಷಯಕ್ಕೆ ಬರುತ್ತೇನೆ. ಗುಜರಾತಿನ ಹೆಸರಿನಲ್ಲಿ ಶೇ 8.8 ಎಂಬ ಅಂಕಿ ಹಲವು ದಶಕಗಳಿಂದ ಒಂದು ಲೇಖನದಿಂದ ಇನ್ನೊಂದು ಲೇಖನಕ್ಕೆ ನಕಲಾಗುತ್ತ ಬಂದಿದೆ. ಜಗತ್ತಿನಲ್ಲೇ ಅತಿ ಹೆಚ್ಚು ಎಂಬ ವಿಶೇಷಣವೂ ಅದರ ಜೊತೆಗೇ ಪ್ರಯಾಣ ಮಾಡುತ್ತದೆ. ಆ ಕಾಲದ ಎಣಿಕೆಗಳಲ್ಲಿ ರಾಸಾಯನಿಕ ತಗುಲಿ ಚರ್ಮ ಬೆಳ್ಳಗಾದ ಪ್ರಕರಣಗಳನ್ನೂ ತೊನ್ನಿನೊಡನೆ ಸೇರಿಸಿರುವುದನ್ನು ಚರ್ಮವೈದ್ಯರು ನಂತರ ಎತ್ತಿ ತೋರಿಸಿದ್ದಾರೆ. ಬಿಳಿ ಮಚ್ಚೆ ಎಂಬುದು ಒಂದು ಲಕ್ಷಣ. ತೊನ್ನು ಒಂದು ಕಾಯಿಲೆ. ತೊನ್ನಿನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳು ಚರ್ಮಕ್ಕೆ ಬಣ್ಣ ಕೊಡುವ ಮೆಲನೊಸೈಟ್ ಕೋಶಗಳನ್ನು ಹಗೆಗಳೆಂದು ಭಾವಿಸಿ ನಾಶಮಾಡುತ್ತವೆ. ಅದಕ್ಕಾಗಿಯೇ ಅದನ್ನು ಆಟೋಇಮ್ಯೂನ್ ಕಾಯಿಲೆಗಳ ಸಾಲಿಗೆ ಸೇರಿಸುತ್ತಾರೆ. ಚಿಬ್ಬು ಶಿಲೀಂಧ್ರದಿಂದ ಬರುವಂಥದ್ದು, ಮಕ್ಕಳ ಕೆನ್ನೆಯ ಮಾಸಲು ಮಚ್ಚೆ ಒಣಚರ್ಮದ ಸಂಗತಿ, ವಯಸ್ಸಾದವರ ಮೊಣಕಾಲ ಕೆಳಗೆ ಮೂಡುವ ಅಕ್ಕಿಕಾಳಿನಷ್ಟು ಸಣ್ಣ ಬಿಳಿ ಚುಕ್ಕೆಗಳು ಬಿಸಿಲು ಮತ್ತು ವಯಸ್ಸಿನವು, ಸುಟ್ಟ ಗಾಯ ಮಾಗಿದ ಮೇಲೆ ಉಳಿಯುವ ಬಿಳುಪು ಇನ್ನೊಂದು, ಹುಟ್ಟಿನಿಂದಲೇ ಇರುವ ತಿಳಿ ಮಚ್ಚೆ ಮತ್ತೊಂದು. ಕುಷ್ಠದ ಮಚ್ಚೆಯಂತೂ ಪೂರ್ತಿ ಬೇರೆ: ಅದು ಸುತ್ತಲಿನ ಚರ್ಮಕ್ಕಿಂತ ತಿಳಿಯಾಗಿರುತ್ತದೆಯೇ ಹೊರತು ಹಾಲಿನಷ್ಟು ಬೆಳ್ಳಗಿರುವುದಿಲ್ಲ, ಮತ್ತು ಅಲ್ಲಿ ಸ್ಪರ್ಶದ ಅರಿವು ಕುಂದಿರುತ್ತದೆ. ತೊನ್ನನ್ನು "ಬಿಳಿ ಕುಷ್ಠ" ಎಂದು ಕರೆಯುವ ಹಳೆಯ ರೂಢಿ ಮಾಡಿರುವ ಅನ್ಯಾಯ ಸಣ್ಣದಲ್ಲ. ಈ ಪತ್ರಿಕೆಯ ಪುಟಗಳಲ್ಲಿ ಆ ಪದ ಬರಕೂಡದೆಂಬ ನಿಯಮವನ್ನು ನಾವು ಹಾಕಿಕೊಂಡಿದ್ದೇವೆ.

ಈ ಗೊಂದಲ ಲೆಕ್ಕವನ್ನು ಎಷ್ಟರ ಮಟ್ಟಿಗೆ ಕೆಡಿಸುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ನಿಮ್ಮ ಪ್ರಶ್ನೆಯ ತಿರುಳು ಇಲ್ಲೇ ಇದೆ. ಹತ್ತು ಸಾವಿರ ಜನರಿಗೆ ಒಂದು ಪ್ರಶ್ನಾವಳಿ ಹಂಚಿ "ನಿಮಗೆ ತೊನ್ನು ಇದೆಯೇ?" ಎಂದು ಕೇಳಿದೆವು ಎನ್ನಿ. ನಿಜವಾಗಿ ಇರುವವರು ಇನ್ನೂರಕ್ಕೆ ಒಬ್ಬರಂತೆ ಐವತ್ತು ಮಂದಿ. ಅವರೆಲ್ಲರೂ "ಹೌದು" ಎಂದರು. ಉಳಿದ 9,950 ಜನರಲ್ಲಿ ನೂರಕ್ಕೆ ಒಬ್ಬರು ಮಾತ್ರ ಚಿಬ್ಬನ್ನೋ ಹಳೆಯ ಗಾಯದ ಗುರುತನ್ನೋ ತೊನ್ನೆಂದು ತಿಳಿದು "ಹೌದು" ಎಂದರೂ ಅವರ ಸಂಖ್ಯೆ ಸುಮಾರು ನೂರಾಗುತ್ತದೆ. ಒಟ್ಟು "ಹೌದು"ಗಳು ನೂರೈವತ್ತು. ಶೇ 0.5 ಇದ್ದದ್ದು ವರದಿಯಲ್ಲಿ ಶೇ 1.5 ಆಗಿ ಹೊರಬರುತ್ತದೆ. ನೂರರಲ್ಲಿ ತೊಂಬತ್ತೊಂಬತ್ತು ಜನ ಸರಿಯಾಗಿ ಉತ್ತರಿಸಿದರೂ ಫಲಿತಾಂಶ ಮೂರು ಪಟ್ಟು ಉಬ್ಬುತ್ತದೆ. ಅಪರೂಪದ ಕಾಯಿಲೆಯನ್ನು ಕೇಳಿ ಎಣಿಸುವಾಗ ಆರೋಗ್ಯವಂತರ ಸಣ್ಣ ತಪ್ಪು ರೋಗಿಗಳ ಸಂಖ್ಯೆಯನ್ನೇ ನುಂಗಿಬಿಡುತ್ತದೆ. ಇದು ಬರೀ ಕಾಗದದ ಲೆಕ್ಕವಲ್ಲ. ಅಮೆರಿಕದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಒಳಗೊಂಡ ಸಮೀಕ್ಷೆಯೊಂದರ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಜನರೇ ಹೇಳಿಕೊಂಡ ಪ್ರಕಾರ ಪ್ರಮಾಣ ಶೇ 1.38, ಅವರು ಕಳುಹಿಸಿದ ಛಾಯಾಚಿತ್ರಗಳನ್ನು ತಜ್ಞ ವೈದ್ಯರು ಪರಿಶೀಲಿಸಿ ಸರಿದೂಗಿಸಿದಾಗ ಅದು ಶೇ 0.76ಕ್ಕೆ ಇಳಿಯಿತು. ಅದೇ ಅಧ್ಯಯನ ಇನ್ನೊಂದು ದಿಕ್ಕಿನ ಸತ್ಯವನ್ನೂ ತೋರಿಸಿತು: ತೊನ್ನು ಇರುವ ವಯಸ್ಕರಲ್ಲಿ ಐವರಲ್ಲಿ ಇಬ್ಬರಿಗೆ ಯಾವ ವೈದ್ಯರೂ ಅದನ್ನು ಗುರುತಿಸಿ ಹೇಳಿರಲಿಲ್ಲ ಎಂಬ ಅಂದಾಜಿಗೆ ಅದು ಬಂದಿತ್ತು.

ಹಾಗಾಗಿ ಆಸ್ಪತ್ರೆಯ ದಾಖಲೆಗಳಿಂದ ಎಣಿಸಿದರೆ ಸರಿಹೋಗುತ್ತದೆಯೇ ಎಂದರೆ ಅದೂ ಇಲ್ಲ. ಭಾರತದ ಚರ್ಮರೋಗ ವಿಭಾಗಗಳ ಹೊರರೋಗಿಗಳಲ್ಲಿ ತೊನ್ನಿನವರ ಪ್ರಮಾಣ ಶೇ 0.25ರಿಂದ 4ರವರೆಗೆ ವರದಿಯಾಗಿದೆ. ಆದರೆ ಇಲ್ಲಿ ಭಾಗಾಕಾರದ ಕೆಳಗಿರುವುದು ನಗರದ ಜನಸಂಖ್ಯೆಯಲ್ಲ, ಚರ್ಮದ ತೊಂದರೆಯಿಂದಲೇ ಆಸ್ಪತ್ರೆಯ ಸಾಲಿನಲ್ಲಿ ನಿಂತವರು. ಮುಖ ಮತ್ತು ಕೈಗಳ ಮೇಲೆ ಮಚ್ಚೆ ಇರುವವರು ಬರುತ್ತಾರೆ, ಬಟ್ಟೆಯ ಅಡಿಯಲ್ಲಿರುವವರು ಬರುವುದಿಲ್ಲ. ಹೊರಗಿನ ಊರುಗಳಿಂದ ಬಂದವರೂ ಅದೇ ದಾಖಲೆಯಲ್ಲಿ ಸೇರುತ್ತಾರೆ. ಮೂರು ಆಸ್ಪತ್ರೆ ಅಲೆದ ಒಬ್ಬರೇ ಮೂರು ಕಡೆ ಮೂವರಾಗುತ್ತಾರೆ. ಔಷಧದಿಂದ ಬೇಸತ್ತು ಹದಿನೈದು ವರ್ಷಗಳಿಂದ ಯಾವ ವೈದ್ಯರ ಬಳಿಗೂ ಹೋಗದವರು ಎಲ್ಲಿಯೂ ಲೆಕ್ಕಕ್ಕಿಲ್ಲ. ಆಸ್ಪತ್ರೆಗಳಲ್ಲಿ ಹೆಂಗಸರ ಸಂಖ್ಯೆ ಹೆಚ್ಚಾಗಿ ಕಾಣುವುದನ್ನು ನೋಡಿ ತೊನ್ನು ಹೆಂಗಸರಿಗೇ ಜಾಸ್ತಿ ಎಂದು ಬಹುಕಾಲ ಬರೆಯಲಾಗುತ್ತಿತ್ತು. ಜನಸಮುದಾಯದಲ್ಲಿ ಎಣಿಸಿದಾಗ ಗಂಡಸರಿಗೂ ಹೆಂಗಸರಿಗೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬರುತ್ತದೆ. ವ್ಯತ್ಯಾಸವಿರುವುದು ಕಾಯಿಲೆಯಲ್ಲಲ್ಲ, ಯಾರನ್ನು ಅದು ಹೆಚ್ಚು ಕಾಡಿ ವೈದ್ಯರ ಬಾಗಿಲಿಗೆ ಕಳುಹಿಸುತ್ತದೆ ಎಂಬುದರಲ್ಲಿ.

ಇಡೀ ಜಗತ್ತಿನ ಅಂದಾಜಿನಲ್ಲೂ ಇಂಥ ಬಿರುಕುಗಳು ಕಾಣುತ್ತವೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2024ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ ಬಂದ ವರದಿಯೊಂದು ವೈದ್ಯರು ಗುರುತಿಸಿದ ತೊನ್ನಿನ ಪ್ರಮಾಣವನ್ನು ಒಟ್ಟು ಜನಸಂಖ್ಯೆಯಲ್ಲಿ ಶೇ 0.36 ಎಂದೂ, ವಯಸ್ಕರಲ್ಲಿ ಶೇ 0.67 ಎಂದೂ, ಮಕ್ಕಳಲ್ಲಿ ಶೇ 0.24 ಎಂದೂ ಅಂದಾಜಿಸಿತು. ಗಮನವಿಟ್ಟು ನೋಡಿದರೆ ಈ ಮೂರು ಒಂದಕ್ಕೊಂದು ಕೂಡುವುದಿಲ್ಲ: ವಯಸ್ಕರ 0.67 ಮತ್ತು ಮಕ್ಕಳ 0.24 ಸೇರಿ 0.36 ಆಗಬೇಕಾದರೆ ಜಗತ್ತಿನಲ್ಲಿ ಪ್ರತಿ ಹತ್ತು ಜನರಲ್ಲಿ ಏಳು ಮಂದಿ ಮಕ್ಕಳಿರಬೇಕಾಗುತ್ತದೆ. ಲೆಕ್ಕ ಮಾಡಿದವರ ತಪ್ಪಲ್ಲ ಇದು. ಮೂರು ಅಂಕಿಗಳೂ ಬೇರೆ ಬೇರೆ ಅಧ್ಯಯನಗಳ ಗುಂಪಿನಿಂದ ಬಂದವು, ಆದ್ದರಿಂದ ಅವುಗಳ ನಡುವೆ ಕುಟುಂಬದ ಹೋಲಿಕೆ ಇದೆಯೇ ಹೊರತು ಗಣಿತದ ಸಂಬಂಧವಿಲ್ಲ. ಇಂಥ ಅಂಕಿಗಳನ್ನು ಪತ್ರಿಕೆಯವರು ಒಂದೇ ಸಾಲಿನಲ್ಲಿ ಜೋಡಿಸಿ ಬರೆಯುವಾಗ ಈ ಮಾತನ್ನೂ ಹೇಳಬೇಕಿತ್ತು ಎಂದು ಈಗ ಅನಿಸುತ್ತಿದೆ.

ಇನ್ನು ನಿಮ್ಮ ವಸತಿ ಸಮುಚ್ಚಯ ಮತ್ತು ಕಚೇರಿ. ಇನ್ನೂರಕ್ಕೆ ಒಬ್ಬರೆಂಬ ಲೆಕ್ಕದಲ್ಲಿ ನಾನೂರು ಜನರಲ್ಲಿ ಇಬ್ಬರು ಇರಬೇಕು. ಆದರೆ ಪ್ರತಿ ನಾನೂರರಲ್ಲೂ ಸರಿಯಾಗಿ ಇಬ್ಬರನ್ನು ಹಂಚುವ ಕೈ ಯಾವುದೂ ಇಲ್ಲ. ಅಂಥ ಸಮುಚ್ಚಯಗಳಲ್ಲಿ ಸುಮಾರು ಏಳಕ್ಕೆ ಒಂದರಲ್ಲಿ ಒಬ್ಬರೂ ಇಲ್ಲದಿರುವುದು ಕೇವಲ ಆಕಸ್ಮಿಕದಿಂದಲೇ ಸಾಧ್ಯ. ಅದೂ ಅಲ್ಲದೆ, ಇಲ್ಲ ಎನ್ನುವುದಕ್ಕೂ ನಿಮಗೆ ಕಾಣಿಸಿಲ್ಲ ಎನ್ನುವುದಕ್ಕೂ ಅಂತರವಿದೆ; ಪಕ್ಕದ ಮನೆಯವರ ಬೆನ್ನು, ಸೊಂಟ, ಮೊಣಕಾಲುಗಳನ್ನು ನಾವು ನೋಡಿರುವುದಿಲ್ಲ. ತಿಳಿಬಣ್ಣದ ಚರ್ಮದ ಮೇಲಿನ ಮಚ್ಚೆಗಳು ವುಡ್ಸ್ ಲ್ಯಾಂಪ್ ಎಂಬ ನೇರಳಾತೀತ ದೀಪದ ಅಡಿಯಲ್ಲಿ ಮಾತ್ರ ಹೊಳೆದು ಕಾಣುವುದುಂಟು. ಕಚೇರಿಯ ನಲವತ್ತು ಜನರಲ್ಲಿ ಇಬ್ಬರು ಇರುವ ಸಾಧ್ಯತೆ ಕಡಿಮೆ, ಅರವತ್ತಕ್ಕೆ ಒಂದರಷ್ಟು. ಆದರೆ ನಲವತ್ತು ಜನರ ಒಂದು ಸಾವಿರ ಕಚೇರಿಗಳಿರುವ ನಗರದಲ್ಲಿ ಹದಿನೇಳೋ ಹದಿನೆಂಟೋ ಕಡೆ ಹೀಗಾಗಿಯೇ ತೀರುತ್ತದೆ, ಮತ್ತು ಪತ್ರಿಕೆಗೆ ಪತ್ರ ಬರೆಯುವವರು ಆ ಹದಿನೆಂಟು ಕಚೇರಿಗಳಲ್ಲಿ ಇರುವವರೇ. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಕಣ್ಣಿಗೆ ಬಿದ್ದದ್ದರಿಂದ ಪ್ರಶ್ನೆ ಹುಟ್ಟುವುದು ಸಹಜ.

ಸಮೀಕ್ಷೆ ಮಾಡುವವರಿಗೂ ಇದೇ ಆಕಸ್ಮಿಕ ಕಾಡುತ್ತದೆ. ಸಾವಿರ ಜನರನ್ನು ಪರೀಕ್ಷಿಸಿದರೆ ಐವರು ಸಿಗುತ್ತಾರೆ ಎನ್ನಿ. ಅದನ್ನು ನಂಬಿ ನಗರಕ್ಕೆ ಅನ್ವಯಿಸಿದರೆ ನಿಜವಾದ ಪ್ರಮಾಣ ಶೇ 0.2ರಿಂದ 1.2ರವರೆಗೆ ಎಲ್ಲಿಯೂ ಇರಬಹುದು. ಇಪ್ಪತ್ತು ಸಾವಿರ ಜನರನ್ನು ನೋಡಿ ನೂರು ಮಂದಿ ಸಿಕ್ಕರೆ ಆ ಅಗಲ ಶೇ 0.4ರಿಂದ 0.6ಕ್ಕೆ ಕುಗ್ಗುತ್ತದೆ. ಒಂದು ನಗರದ ಮಟ್ಟಿಗೆ ನಂಬಲರ್ಹ ಸಂಖ್ಯೆ ಬೇಕೆಂದರೆ ಇಪ್ಪತ್ತು ಸಾವಿರ ಜನರ ಮೈಯನ್ನು ತಿಳಿದವರು ನೋಡಬೇಕು ಎಂದಾಯಿತು. ಜೀವಕ್ಕೆ ಅಪಾಯವಿಲ್ಲದ, ಅಂಟದ ಕಾಯಿಲೆಯೊಂದಕ್ಕಾಗಿ ಅಷ್ಟು ಶ್ರಮ ಪಡುವವರು ವಿರಳ. ಹೆಚ್ಚಿನ ನಗರಗಳಿಗೆ ತಮ್ಮದೇ ಆದ ಅಂಕಿ ಇಲ್ಲದಿರುವುದಕ್ಕೆ ಇದಕ್ಕಿಂತ ಗಹನವಾದ ಕಾರಣ ಹುಡುಕಬೇಕಾಗಿಲ್ಲ.

ಕಾಯಿಲೆ ಹೆಚ್ಚುತ್ತಿದೆಯೇ ಎಂಬ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಬೆರೆತಿವೆ: ಈಗ ಇರುವವರು ಎಷ್ಟು, ವರ್ಷಕ್ಕೆ ಹೊಸದಾಗಿ ಬರುವವರು ಎಷ್ಟು. ತೊನ್ನು ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ಇಪ್ಪತ್ತು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ, ಆಯುಷ್ಯವನ್ನು ಕಡಿಮೆ ಮಾಡುವುದಿಲ್ಲ, ಸಾಮಾನ್ಯವಾಗಿ ಪೂರ್ತಿ ಬಿಟ್ಟುಹೋಗುವುದೂ ಇಲ್ಲ. ಆದ್ದರಿಂದ ಹೊಸಬರು ಕೆಲವೇ ಮಂದಿಯಾದರೂ ಹಳಬರು ಉಳಿದುಕೊಂಡು ಕೆರೆಯ ನೀರಿನಂತೆ ಸಂಖ್ಯೆ ನಿಲ್ಲುತ್ತದೆ. ಜನರ ಸರಾಸರಿ ವಯಸ್ಸು ಏರಿದ ನಗರದಲ್ಲಿ, ಹೊಸದಾಗಿ ಬರುವವರ ಪ್ರಮಾಣ ಕೂದಲೆಳೆಯಷ್ಟೂ ಬದಲಾಗದಿದ್ದರೂ, ಇರುವವರ ಪ್ರಮಾಣ ಏರುತ್ತದೆ. ಇದರ ಮೇಲೆ ಚಿಕಿತ್ಸೆಯ ಪರಿಣಾಮವೂ ಇದೆ. ಬಣ್ಣ ಮರಳಿಸಲು ರುಕ್ಸೊಲಿಟಿನಿಬ್ ಎಂಬ ಮುಲಾಮಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಏನೂ ಮಾಡಲಾಗದೆಂದು ಮನೆಯಲ್ಲಿ ಕೂತವರು ಏನೋ ಒಂದು ಬಂದಿದೆ ಎಂದು ಕೇಳಿದಾಗ ವೈದ್ಯರಲ್ಲಿಗೆ ಬರುತ್ತಾರೆ. ದಾಖಲೆಯ ಅಂಕಿ ಮೇಲೇರುತ್ತದೆ, ಕಾಯಿಲೆ ಇದ್ದಲ್ಲೇ ಇರುತ್ತದೆ.

ನಗರದ ಗಾಳಿ ಮತ್ತು ನೀರಿನ ಮೇಲೆ ಈ ಹೊಣೆ ಹೊರಿಸಲು ಆಧಾರವಿಲ್ಲ. ಆದರೆ ರಾಸಾಯನಿಕಗಳ ವಿಷಯದಲ್ಲಿ ನಿಮ್ಮ ಅನುಮಾನವನ್ನು ಪೂರ್ತಿ ತಳ್ಳಿಹಾಕಲಾರೆ. 1939ರಲ್ಲಿ ಅಮೆರಿಕದ ಚರ್ಮ ಹದಮಾಡುವ ಕಾರ್ಖಾನೆಯೊಂದರ ಕೆಲಸಗಾರರ ಕೈಗಳು ಬೆಳ್ಳಗಾದದ್ದು ವರದಿಯಾಯಿತು. ಕಾರಣ ಅವರು ತೊಡುತ್ತಿದ್ದ ರಬ್ಬರ್ ಕೈಗವಸಿನಲ್ಲಿದ್ದ ಮಾನೊಬೆಂಜೈಲ್ ಈಥರ್ ಎಂಬ ಹೈಡ್ರೊಕ್ವಿನೋನ್ ಸಂಯುಕ್ತ. ಜಪಾನಿನಲ್ಲಿ 2013ರಲ್ಲಿ ಮೈಬಣ್ಣ ತಿಳಿಗೊಳಿಸುವ ಪ್ರಸಾಧನಗಳಲ್ಲಿದ್ದ ರೋಡೊಡೆಂಡ್ರಾಲ್ ಎಂಬ ವಸ್ತುವಿನಿಂದ ಹದಿನಾರು ಸಾವಿರಕ್ಕೂ ಹೆಚ್ಚು ಜನರಿಗೆ ಬಿಳಿ ಮಚ್ಚೆಗಳಾಗಿ, ಆ ಪ್ರಸಾಧನಗಳನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಬೇಕಾಯಿತು. ನಿಮ್ಮ ಕಚೇರಿಯ ಇಬ್ಬರೂ ಒಂದೇ ಬಗೆಯ ದ್ರಾವಣವನ್ನೋ ರಬ್ಬರ್ ವಸ್ತುವನ್ನೋ ದಿನವೂ ಮುಟ್ಟುವವರಾಗಿದ್ದರೆ, ಮಚ್ಚೆಗಳು ಮುಟ್ಟಿದ ಜಾಗದಲ್ಲೇ ಶುರುವಾಗಿದ್ದರೆ, ಆ ಸಂಗತಿಯನ್ನು ಚರ್ಮವೈದ್ಯರಿಗೆ ಹೇಳಲೇಬೇಕು. ಮೇಜಿನ ಮುಂದೆ ಕೂತು ಬರೆಯುವ ಕೆಲಸವಾದರೆ, ಆಕಸ್ಮಿಕವೆಂದೇ ತಿಳಿಯಬಹುದು. ಒಬ್ಬರಿಂದ ಇನ್ನೊಬ್ಬರಿಗೆ ಹರಡಿತೆಂಬುದಂತೂ ಸಾಧ್ಯವೇ ಇಲ್ಲ.

ನೀವು ಕೇಳದೆ ಬಿಟ್ಟ, ಆದರೆ ಪತ್ರದ ಸಾಲುಗಳ ನಡುವೆ ನನಗೆ ಕಂಡ ಪ್ರಶ್ನೆಯೊಂದಿದೆ. ತಂಗಿಗೆ ಬಂದದ್ದು ನಿಮಗೂ ಬರಬಹುದೇ? 2003ರಲ್ಲಿ ಪ್ರಕಟವಾದ ಕುಟುಂಬಗಳ ದೊಡ್ಡ ಅಧ್ಯಯನವೊಂದರಲ್ಲಿ ತೊನ್ನು ಇರುವವರ ಒಡಹುಟ್ಟಿದವರಲ್ಲಿ ಶೇ 6.1ರಷ್ಟು ಮಂದಿಗೆ ಅದು ಕಂಡಿತು. ಸಾಮಾನ್ಯ ಜನರಿಗಿಂತ ಇದು ಹಲವು ಪಟ್ಟು ಹೆಚ್ಚು ನಿಜ. ಆದರೆ ನೂರು ಮಂದಿ ಅಣ್ಣತಮ್ಮಂದಿರು, ಅಕ್ಕತಂಗಿಯರಲ್ಲಿ ತೊಂಬತ್ತನಾಲ್ಕು ಮಂದಿಗೆ ಬರಲಿಲ್ಲ ಎಂಬುದೂ ಅಷ್ಟೇ ನಿಜ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲೂ ಇಬ್ಬರಿಗೂ ಬಂದದ್ದು ಶೇ 23ರಷ್ಟು ಜೋಡಿಗಳಲ್ಲಿ ಮಾತ್ರ. ರಕ್ತದಲ್ಲಿ ಒಲವು ಬರುತ್ತದೆ, ಕಾಯಿಲೆ ಬರಲೇಬೇಕೆಂದಿಲ್ಲ. ತೊನ್ನು ಇರುವವರಲ್ಲಿ ಥೈರಾಯ್ಡ್ ತೊಂದರೆ ಇತರರಿಗಿಂತ ಹೆಚ್ಚಾಗಿ ಕಾಣಿಸುವುದರಿಂದ ನಿಮ್ಮ ತಂಗಿ ಅದರ ರಕ್ತಪರೀಕ್ಷೆಯ ಬಗ್ಗೆ ವೈದ್ಯರನ್ನು ಒಮ್ಮೆ ಕೇಳುವುದು ಒಳ್ಳೆಯದು.

ಅವರಿಗೆ ಐದು ಸಾವಿರ ಎಂದೇ ಹೇಳಿ. ಆ ಐದು ಸಾವಿರದಲ್ಲಿ ಬಹಳಷ್ಟು ಮಂದಿ ದಿನವೂ ಅವರ ಎದುರಿಗೇ ಹಾದುಹೋಗುತ್ತಿರಬಹುದು, ತೋಳುದ್ದದ ಅಂಗಿಯ ಒಳಗೆ. ಸಂಖ್ಯೆ ಅಂದಾಜಿನದೆಂಬುದನ್ನೂ ಮುಚ್ಚಿಡಬೇಡಿ; ಇಪ್ಪತ್ತೆರಡರ ವಯಸ್ಸಿನವರು ಅದನ್ನು ಅರ್ಥಮಾಡಿಕೊಳ್ಳಬಲ್ಲರು.

ಕಳೆದ ಸಂಚಿಕೆಯ ಲೇಖನದಲ್ಲಿ "ನೂರು ಜನರಲ್ಲಿ ಒಬ್ಬರಿಗೆ" ಎಂದಿರುವುದನ್ನು "ಸುಮಾರು ಇನ್ನೂರು ಜನರಲ್ಲಿ ಒಬ್ಬರಿಗೆ, ಎಣಿಸಿದ ಕ್ರಮಕ್ಕೆ ಅನುಗುಣವಾಗಿ ಇದು ಹೆಚ್ಚುಕಡಿಮೆಯಾಗುತ್ತದೆ" ಎಂದು ತಿದ್ದಿ ಓದಿಕೊಳ್ಳಬೇಕೆಂದು ಎಲ್ಲ ಓದುಗರಲ್ಲಿ ಕೋರುತ್ತೇವೆ.

— ಸಂಪಾದಕ